ಟಿಚ್ ಬಟನ್ನಿನ ಡಾಕ್ಟ್ರಮ್ಮ

ಇವತ್ತು ಬೆಳಿಗ್ಗೆ ಎದ್ದವಳೇ ಹೆಸರುಕಾಳು ತೊಳೆದು ನೆನೆಹಾಕಿದೆ. ತರಕಾರಿ ಸಿಪ್ಪೆಯ ಹಸಿರು ತೊಟ್ಟಿಯನ್ನು ರಸ್ತೆಯ ಅಂಚಿಗೆ ಎಳೆದಿಟ್ಟೆ. ಸೈಕಲ್ಲಿನ ಹಿಂದಿನ ಗಾಲಿಗೆ ಗಾಳಿ ಹೊಡೆದೆ. ಪಕ್ಕದ ಖಾಲಿ ಮನೆಯ ಮುಂದಿರುವ ನೀಲಿ ಹೂವಿನ ಗಿಡಕ್ಕೆ ಎರಡು ಬಕೆಟ್ ನೀರು ಹಾಕಿದೆ. ದ ಹೇಗ್‌ನ ಅಂಗಡಿಯಿಂದ ತಂದ ಜೋಳದ ಹಿಟ್ಟನ್ನು ಜರಡಿ ಹಿಡಿದೆ. ಆಮೇಲೆ ಇವರ ತಿಳಿನೀಲಿ ಅಂಗಿಯನ್ನು ಇಸ್ತ್ರಿ ಮಾಡಿದೆ. ಐದು ತಿಂಗಳಿಂದ ಕಪಾಟಿನ ತಳದಲ್ಲಿ ಬಿದ್ದಿದ್ದ ಅಂಗಿ. ಇವತ್ತು ಇವರೇ ಕೇಳಿದರು.

“ಆ ಅಂಗಿ ಎಲ್ಲಿ ಇಟ್ಟೀ?”

“ಯಾವುದ್ರೀ?”

“ಅದ... ಡಾಕ್ಟ್ರಮ್ಮಂದು.”

ಹನ್ನೊಂದು ಗಂಟೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾವಿಬ್ಬರೂ ಕುಳಿತೆವು. ಕಳೆದ ವಾರ ಟಿಲ್‌ಬರ್ಗಿನಿಂದ ಬೂದುಬಣ್ಣದ ಅಂಚಿನ ಕಾರ್ಡೊಂದು ಅಂಚೆಯಲ್ಲಿ ಬಂದಿತ್ತು. ಪಕ್ಕದ ಮನೆಯಾಕೆ ತೀರಿಕೊಂಡಿದ್ದಳು. ದಹನದ ಸಭೆಗೆ ಎಣಿಸಿದಷ್ಟೇ ಜನ ಬರಬೇಕು, ಉಳಿದವರು ಮನೆಯಿಂದಲೇ ನೋಡಬಹುದು ಎಂದು ಕೆಳಗೆ ಒಂದು ಲಿಂಕ್ ಕೊಟ್ಟಿದ್ದರು.

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆಕೆಗೆ ಎರಡು ಹೆಸರಿದ್ದವು, ಪೋಸ್ಟಿನವನಿಗೆ ಒಂದು, ಕೆಲಸದ ಕಡೆಗೆ ಇನ್ನೊಂದು. ನಾನು ಎರಡನ್ನೂ ಬಳಸಲಿಲ್ಲ. ಇಲ್ಲಿಯ ಡಚ್ಚರ ರೂಢಿಯಂತೆ ಒಬ್ಬರನ್ನೊಬ್ಬರು ‘ಬ್ಯೂರ್‌ವ್ರೌ’ ಎಂದು ಕರೆಯುತ್ತಿದ್ದೆವು, ಅಂದರೆ ನೆರೆಮನೆಯವಳೇ ಎಂದು. ನಮ್ಮ ಮನೆಯೊಳಗೆ ಮಾತ್ರ ಆಕೆ ಡಾಕ್ಟ್ರಮ್ಮ.

ವಿಮಾನ ನಿಲ್ದಾಣದ ಪಕ್ಕದ ಊರು ಬಾಡ್‌ಹೂವೆಡಾರ್ಪಿನ ಈ ಸಾಲುಮನೆಗೆ ಬಂದು ಆರು ವರ್ಷವಾಗಿದ್ದರೂ ಆಕೆಯ ಜೊತೆ ತಲೆಯಾಡಿಸುವಷ್ಟೇ ಪರಿಚಯವಿತ್ತು. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿ ಹೋಗುವಳು, ಕತ್ತಲಾಗುವ ಮುಂಚೆ ಬರುವಳು. ಅರವತ್ತರ ಆಚೆಯ ವಯಸ್ಸು, ಕುಳ್ಳಗಿನ ಆಳು, ಬಿಳಿಯ ಕೂದಲನ್ನು ಗಂಡುಮಕ್ಕಳ ಹಾಗೆ ಕತ್ತರಿಸಿದ್ದಳು. ಆಗೆಲ್ಲ ಎರಡು ಮೂರು ನಿಮಿಷಕ್ಕೊಂದು ವಿಮಾನ ನಮ್ಮ ಹೆಂಚಿನ ಮೇಲೆಯೇ ಇಳಿಯುವ ಹಾಗೆ ಬರುತ್ತಿತ್ತು. ಬೇಲಿಯಾಚೆ ಯಾರು ಏನು ಮಾತಾಡಿದರೂ ಅರ್ಧ ಮಾತು ವಿಮಾನದ ಪಾಲು.

ಮೊದಲ ಲಾಕ್‌ಡೌನಿನ ವಾರದಲ್ಲಿ ಆಕಾಶ ನಿಂತುಹೋಯಿತು. ವಿಮಾನಗಳನ್ನು ರನ್‌ವೇ ಮೇಲೆ ಒಂದರ ಹಿಂದೊಂದು ನಿಲ್ಲಿಸಿದ್ದರು, ಸಂತೆ ಮುಗಿದರೂ ಎತ್ತು ಹೂಡದೆ ಬಿಟ್ಟ ಬಂಡಿಗಳ ಹಾಗೆ. ಇವರು ವಿಮಾನಗಳ ರಿಪೇರಿಗೆ ವೇಳಾಪಟ್ಟಿ ಮಾಡುವ ಎಂಜಿನಿಯರು. ಹಾರದೆ ನಿಂತ ವಿಮಾನಗಳಿಗೂ ಮೇಲಿನ ಕೋಣೆಯಲ್ಲಿ ಕುಳಿತು ವೇಳಾಪಟ್ಟಿ ಮಾಡುತ್ತಿದ್ದರು. ಆ ಮೌನದಲ್ಲಿ ಪಾರಿವಾಳ ರೆಕ್ಕೆ ಬಡಿದದ್ದೂ ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದಾಗ ಇನ್ನೂ ನಿದ್ದೆಯೊಳಗೇ ಇದ್ದೇನೋ ಏನೋ ಎಂದು ನಾನು ಒಮ್ಮೊಮ್ಮೆ ಪಾತ್ರೆ ಸದ್ದು ಮಾಡಿ ನೋಡುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಆಕೆಯ ಮನೆಯ ಮುಂದೆ ವ್ಯಾನೊಂದು ಬಂದು ನಿಂತಿತು. ಚಾಲಕ ಸಾಮಾನನ್ನೆಲ್ಲ ರಸ್ತೆಯ ಮೇಲಿಳಿಸಿ, ಸೋಂಕಿನ ಹೆದರಿಕೆಗೆ ಹತ್ತಿರವೂ ಸುಳಿಯದೆ ಹೊರಟುಹೋದ. ಉದ್ದನೆಯ ಬೂದು ಸೋಫಾ, ಎತ್ತರ ಬೆನ್ನಿನ ಕುರ್ಚಿ, ಗೋಡೆ ಗಡಿಯಾರ, ಗೋಡೆಯೇ ಇಲ್ಲದ ಒಂದು ಕಿಟಕಿ, ಅರವತ್ತೆಪ್ಪತ್ತು ಟಿಶ್ಯೂ ಡಬ್ಬಿ. ಒಬ್ಬಳೇ ಏನು ಮಾಡಿಯಾಳು ಎಂದು ನಾನು ಹೋದೆ. ಆಕೆ “ನಿಲ್ಲು” ಎಂದು ಕೈ ತೋರಿಸಿ, ಕೊರಳಲ್ಲಿ ನೇತಾಡುತ್ತಿದ್ದ ದರ್ಜಿಯ ಟೇಪನ್ನು ತೆಗೆದು ಒಂದು ತುದಿಯನ್ನು ನನ್ನ ಕಡೆ ಎಸೆದಳು. ನಾನು ಹಿಡಿದುಕೊಂಡೆ. ಟೇಪು ಬಿಗಿಯಾಯಿತು.

“ಸರಿಯಾಗಿ ಒಂದೂವರೆ ಮೀಟರ್,” ಎಂದಳು. “ಇಷ್ಟು ದೂರ ನಿಲ್ಲಿ ಎಂದು ಸರ್ಕಾರ ಈಗ ಹೇಳಿತು. ದರ್ಜಿಗಳಿಗೆ ಮೊದಲೇ ಗೊತ್ತಿತ್ತು.”

ಆಕೆಯ ಮಾತು ಅರ್ಧ ಇಂಗ್ಲಿಷು, ಅರ್ಧ ಡಚ್ಚು. ಎರಡರಲ್ಲೂ ನಾನು ಕುಂಟುತ್ತೇನಾದ್ದರಿಂದ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಎಲ್ಲವನ್ನೂ ಸೇರಿ ಗ್ಯಾರೇಜಿಗೆ ಸಾಗಿಸಿದೆವು. ಕೊನೆಗೆ ಉಳಿದದ್ದು ಒಂದು ಹಿತ್ತಾಳೆ ಫಲಕ. ಅದರ ಮೇಲಿದ್ದ ಉದ್ದನೆಯ ಡಚ್ ಪದವನ್ನು ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ದಾಂಪತ್ಯದ ತೊಂದರೆಗಳಿಗೆ ಮಾತಿನ ಚಿಕಿತ್ಸೆ ಕೊಡುವವರು ಎಂದಿತ್ತು. ಮರುದಿನ ಬೇಲಿಯ ಹತ್ತಿರ ಕೇಳಿಯೇಬಿಟ್ಟೆ, “ನೀವು ಡಾಕ್ಟರೇನು?”

“ಅಯ್ಯೋ, ಅಲ್ಲ ಅಲ್ಲ. ಅದು ಟೆಲಿವಿಷನ್ನಿನದು. ನಾನು ಬಟ್ಟೆ ಹೊಲಿಯುವವಳು.”

ನನ್ನ ತಪ್ಪು ಹುಟ್ಟಿದ್ದು ಅಲ್ಲಿಯೇ. ನಮ್ಮ ಊರಿನಲ್ಲಿ ಕಾಮಾಲೆಗೆ ಔಷಧಿ ಕೊಡುವ ಮುದುಕಿಯೊಬ್ಬಳಿದ್ದಳು. ‘ನನಗೇನ ತಿಳೀತೈತವ್ವಾ’ ಎಂದು ಮೂರು ಸಲ ಹೇಳದೆ ಆಕೆ ಯಾರ ಕೈಗೂ ಬೇರು ಕೊಟ್ಟವಳಲ್ಲ. ಗೊತ್ತಿರುವವರು ಗೊತ್ತಿಲ್ಲ ಎನ್ನುತ್ತಾರೆ ಎಂಬುದನ್ನು ನಾನು ಅಲ್ಲಿ ಕಲಿತವಳು. ಮೇಲಾಗಿ ಟೆಲಿವಿಷನ್ನಿನದು ಎಂದಳಲ್ಲ! ನಮ್ಮ ಚಾನೆಲ್ಲುಗಳಲ್ಲಿ ಬೆಳಿಗ್ಗೆ ಡಾಕ್ಟರುಗಳು ಬಂದು ಕೂರುವುದಿಲ್ಲವೇ, ಜನ ಫೋನ್ ಮಾಡಿ ಮಂಡಿನೋವು ಹೇಳಿಕೊಳ್ಳುವುದಿಲ್ಲವೇ, ಈಕೆ ಅಂಥವಳು ಎಂದುಕೊಂಡೆ. ಬರೀ ಡಾಕ್ಟರಲ್ಲ, ಟೀವಿಯಲ್ಲಿ ಬರುವ ಡಾಕ್ಟರು. ಬಟ್ಟೆ ಹೊಲಿಯುವುದು ಹವ್ಯಾಸವಿರಬೇಕು. ಆ ತಿಂಗಳು ಇಡೀ ಬೀದಿಗೆ ಮಾಸ್ಕ್ ಹೊಲಿದು ಹಂಚಿದಳು. ಎಂಥ ದೊಡ್ಡ ಮನಸ್ಸು, ಎಂದು ಇವರ ಮುಂದೆ ಹೇಳಿದೆ.

ಆ ಗ್ಯಾರೇಜನ್ನು ನೀವು ನೋಡಬೇಕಿತ್ತು. ಸೋಫಾ ಮತ್ತು ಕುರ್ಚಿಯನ್ನು ಎದುರುಬದುರಾಗಿ ಹಾಕಿದ್ದಳು, ನಡುವೆ ಒಂದೂವರೆ ಮೀಟರು. ಗೋಡೆಗೆ ಆ ಕಿಟಕಿಯನ್ನು ನೇತುಹಾಕಿದ್ದಳು. ಕಿಟಕಿಯ ಹಿಂದೆ ಬಟ್ಟೆಯ ಮೇಲೆ ಬರೆದ ಹುಲ್ಲುಗಾವಲು, ಒಂದು ಕಾಲುವೆ, ದೂರದಲ್ಲಿ ಎರಡು ಹಸು. ಅದರ ಹಿಂದೆ ಟ್ಯೂಬ್‌ಲೈಟು. ಸ್ವಿಚ್ ಹಾಕಿದರೆ ಸಂಜೆ ನಾಲ್ಕರ ಬಿಸಿಲು. ಹೊರಗೆ ಮಂಜು ಬೀಳಲಿ, ಆಲಿಕಲ್ಲು ಬೀಳಲಿ, ಒಳಗೆ ಸಂಜೆ ನಾಲ್ಕರ ಬಿಸಿಲೇ. ಗಡಿಯಾರದೊಳಗೆ ಯಂತ್ರವಿರಲಿಲ್ಲ, ಮುಳ್ಳುಗಳು ಹತ್ತಕ್ಕೆ ಹತ್ತು ನಿಮಿಷದಲ್ಲಿ ಅಂಟಿಕೊಂಡಿದ್ದವು. ಗ್ಯಾರೇಜಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಸೋಂಕು ಬಾರದಂತೆ ಗಾಳಿಗೆ ಕೂತು ನಾವು ಕಾಫಿ ಕುಡಿಯುತ್ತಿದ್ದೆವು. ಆಕೆಯ ಬೆಕ್ಕು ಆ ಬಟ್ಟೆಯ ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಎಷ್ಟು ಹೊತ್ತು ಕೂತೆನೆಂದು ತಿಳಿಯುತ್ತಲೇ ಇರಲಿಲ್ಲ. ಎದ್ದು ಹೊರಬಂದರೆ ಇನ್ನೊಂದು ಹವಾಮಾನದ ಊರಿಗೆ ಬಂದಿಳಿದಂತಾಗುತ್ತಿತ್ತು.

ಆಕೆ ಮಾತಾಡುವಾಗ ಬಾಯಿಯ ಮೂಲೆಯಲ್ಲಿ ನಾಲ್ಕೈದು ಗುಂಡುಸೂಜಿ ಇರುತ್ತಿದ್ದವು. ಹೇಳಬಾರದ ಮಾತು ಬಂದರೆ ಅವನ್ನು ತುಟಿಯ ನಡುವೆ ತಂದುಕೊಂಡು ಬಾಯಿ ಮುಚ್ಚಿಬಿಡುವಳು. ನನ್ನ ಇಳಕಲ್ ಸೀರೆಯನ್ನು ಒಮ್ಮೆ ತೋರಿಸಿದೆ. ಬೆರಳಿನಿಂದ ಅಂಚನ್ನು ಸವರಿ, ಹೊಲಿಗೆ ಎಲ್ಲಿದೆ ಎಂದು ಹುಡುಕಿದಳು. ಹೊಲಿಗೆಯೇ ಇಲ್ಲ ಎಂದಾಗ ಬೆರಗಾಗಿ, “ಇದನ್ನು ಬಿಚ್ಚಲು ಎಷ್ಟು ಹೊತ್ತು ಬೇಕು?” ಎಂದು ಕೇಳಿದಳು. ಉಡಲು ಎಷ್ಟು ಹೊತ್ತು ಎಂದು ಕೇಳಿದವರನ್ನು ಕಂಡಿದ್ದೆ, ಬಿಚ್ಚುವ ಲೆಕ್ಕ ಕೇಳಿದವಳು ಈಕೆಯೊಬ್ಬಳೇ. “ಒಂದೆರಡು ನಿಮಿಷ,” ಎಂದೆ. “ನಮ್ಮಲ್ಲಿ ನಡೆಯುವುದಿಲ್ಲ,” ಎಂದು ತಲೆಯಾಡಿಸಿದಳು. ಆಗ ಅರ್ಥವಾಗಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಗದಗದಲ್ಲಿ ಇವರ ಅಕ್ಕ ತೀರಿಕೊಂಡರು. ಅದೇ ಜ್ವರ, ಅದೇ ಉಬ್ಬಸ. ಅತ್ತೆ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಇವರಿಗೆ ಎರೆದು, ಉಣಿಸಿ, ಅಕ್ಷರ ತಿದ್ದಿಸಿದವರು ಆ ಅಕ್ಕ. ಹೋಗಲು ವಿಮಾನವಿರಲಿಲ್ಲ. ದಿನವೆಲ್ಲ ವಿಮಾನಗಳ ಕೆಲಸ ಮಾಡುವವರು, ಕಿಟಕಿಯಾಚೆಗೆ ವಿಮಾನಗಳು ನಿಂತೇ ಇದ್ದವು. ಅಕ್ಕನ ಮಗ ರುದ್ರಭೂಮಿಯಿಂದ ವಿಡಿಯೋ ಕಾಲ್ ಮಾಡಿದ. ಚಿತ್ರ ಅಡ್ಡಡ್ಡ ಬರುತ್ತಿತ್ತು. ನಾವಿಬ್ಬರೂ ಕತ್ತು ವಾಲಿಸಿ ನೋಡಿದೆವು. “ಫೋನ್ ಸೀದಾ ಹಿಡಿಯೋ ತಮ್ಮಾ,” ಎಂದರು ಇವರು. ಅಷ್ಟೇ. ಆಮೇಲೆ ಮಾತೇ ಇಲ್ಲ.

ಮಾತು ಹೋದ ಬೆನ್ನಿಗೆ ನಿದ್ದೆಯೂ ಹೋಯಿತು. ದಿನದ ಕೊನೆಗೆ ಏನು ಉಂಡೆವು, ಯಾರು ಮೊದಲು ಮಲಗಿದರು ಎಂದು ಬರೆದಿಡುವುದು ನನ್ನ ಅವ್ವನಿಂದ ನನಗೆ ಬಂದ ರೂಢಿ. ತುಂಬಿದ ಮನೆಯಲ್ಲಿ ಕೊನೆಗೆ ದೀಪ ಆರಿಸುವವಳಿಗೆ ಅದೊಂದು ಹಾಜರಿ ಪುಸ್ತಕವಾಗಿತ್ತು. ನನ್ನ ಪುಸ್ತಕದಲ್ಲಿ ಆ ಸೆಪ್ಟೆಂಬರಿನಿಂದ ಒಂದೇ ಸಾಲು. ಮೊದಲು ನಾನು. ಮೊದಲು ನಾನು. ಬೆಳಿಗ್ಗೆ ನೋಡಿದರೆ ಇವರು ಅದೇ ಕುರ್ಚಿಯಲ್ಲಿ, ಕಣ್ಣು ತೆರೆದುಕೊಂಡು.

“ನಿದ್ದಿ ಬರ್ಲಿಲ್ಲೇನ್ರೀ?”

“ಬಂದಿತ್ತು.”

“ಕುರ್ಚಿ ಮ್ಯಾಲೆ?”

“ಹೂಂ.”

ಇಷ್ಟೇ. ಹೀಗೇ ಬಿಟ್ಟರೆ ಇವರು ಕೈಬಿಟ್ಟು ಹೋಗುತ್ತಾರೆ ಎನ್ನಿಸಿತು. ಪಕ್ಕದಲ್ಲಿಯೇ ಡಾಕ್ಟರಿದ್ದಾರೆ, ಸಂಕೋಚವೇಕೆ ಎಂದು ಒಂದು ದಿನ ಗೋಧಿ ಹುಗ್ಗಿಯ ಡಬ್ಬಿ ಹಿಡಿದು ಹೋಗಿ ಬೇಡಿಕೊಂಡೆ.

“ನಾನು ಡಾಕ್ಟರಲ್ಲ ಎಂದು ಹೇಳಿದ್ದೇನೆ,” ಎಂದಳು.

“ನನಗೆ ಗೊತ್ತು,” ಎಂದೆ, ಎಲ್ಲ ತಿಳಿದವಳ ಹಾಗೆ ನಕ್ಕು. ಕಾಮಾಲೆ ಮುದುಕಿಯ ಲೆಕ್ಕದಲ್ಲಿ ಇನ್ನೊಂದು ಸಲ ‘ಇಲ್ಲ’ ಬಾಕಿಯಿತ್ತು. ಅದನ್ನೂ ಹೇಳಿದಳು. ನಾನು ಕದಲಲಿಲ್ಲ. ಕೊನೆಗೆ ಆಕೆ ಗುಂಡುಸೂಜಿಗಳನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು.

“ಕಿಟಕಿಯ ಟ್ಯೂಬ್‌ಲೈಟು ಮಿಣುಕುತ್ತಿದೆ. ಎಂಜಿನಿಯರಲ್ಲವೇ, ಗುರುವಾರ ಕಳಿಸು.”

ಗುರುವಾರ ಹೋದವರು ಒಂದು ಗಂಟೆ ಬಿಟ್ಟು ಬಂದರು. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಟಿಶ್ಯೂ ಡಬ್ಬಿ. ಮುಂದಿನ ಗುರುವಾರವೂ ಹೋದರು, ಅದರ ಮುಂದಿನ ಗುರುವಾರವೂ. ಟ್ಯೂಬ್‌ಲೈಟು ಎಷ್ಟು ಸಲ ಕೆಡುತ್ತದೆ ಎಂದು ನಾನು ಕೇಳಲಿಲ್ಲ. ನವೆಂಬರಿನ ಒಂದು ದಿನ ಊಟದ ನಡುವೆ, “ಸಾರಿಗೆ ಉಪ್ಪ ಕಡಿಮಿ ಆಗೇತಿ,” ಎಂದರು. ನಾನು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ಎದೆಗವಚಿಕೊಂಡು ನಿಂತೆ. ರಾತ್ರಿ ಮೂರು ನಾಲ್ಕು ಗಂಟೆಯಾದರೂ ಮಲಗತೊಡಗಿದರು. ಪುಸ್ತಕದಲ್ಲಿ ಬರೆದೆ: ಮೊದಲು ನಾನು, ಹಿಂದೆಯೇ ಇವರು.

ಒಳಗೆ ಏನು ಹೇಳುತ್ತಾರೆ ಎಂದು ಒಮ್ಮೆ ಆಕೆಯನ್ನು ಕೆದಕಿದೆ. ಗುಂಡುಸೂಜಿಗಳು ತುಟಿಯ ನಡುವೆ ಬಂದವು. ಆಮೇಲೆ ಒಂದು ಮಾತು ಹೇಳಿದಳು: “ಬ್ಯೂರ್‌ವ್ರೌ, ಅದು ಅವನ ಅಂಗಿ. ಒಳಗಿನ ಹೊಲಿಗೆಯನ್ನು ಅವನೇ ತಿರುವಿ ತೋರಿಸಬೇಕು.”

ಅಂಗಿ ಎಂದಾಗ ನೆನಪಾಗಿ, ಇವರ ತಿಳಿನೀಲಿ ಅಂಗಿಯನ್ನು ಆಕೆಗೆ ಕೊಟ್ಟೆ. ಕಾಲರ್ ಸವೆದಿತ್ತು, ಎರಡು ಗುಂಡಿ ಉದುರಿದ್ದವು. ನಾಲ್ಕೇ ದಿನಕ್ಕೆ ಹೊಸದರಂತೆ ವಾಪಸು ಬಂತು. ಕಾಲರನ್ನು ತಿರುವಿ ಹೊಲಿದಿದ್ದಳು, ಗುಂಡಿಗಳನ್ನೆಲ್ಲ ಬದಲಾಯಿಸಿದ್ದಳು. ಇವರು ಹಾಕಿಕೊಳ್ಳುವಾಗ “ಗುಂಡಿ ಭಾಳ ಹಗೂರ ಕೂಡ್ತಾವಲ್ಲ,” ಎಂದರೇ ಹೊರತು ಬಗ್ಗಿ ನೋಡಲಿಲ್ಲ.

ಜನವರಿ. ಒಂದು ಬೆಳಿಗ್ಗೆ ಇವರಿಗೆ ದೊಡ್ಡ ಮೀಟಿಂಗು, ಪರದೆಯ ಮೇಲೆ ಇಪ್ಪತ್ತು ಮುಖ. ಏನೋ ಎತ್ತಿಕೊಳ್ಳಲು ಬಾಗಿ ಎದ್ದಿದ್ದಾರೆ, ಅಂಗಿಯ ಅಂಚು ಮೇಜಿನ ಡ್ರಾಯರಿನ ಹಿಡಿಕೆಗೆ ಸಿಕ್ಕಿದೆ. ಟಕಟಕಟಕಟಕ ಎಂದು ಕೊರಳಿಂದ ಹೊಟ್ಟೆಯವರೆಗೆ ಒಂದೇ ಎಳೆತಕ್ಕೆ ಇಡೀ ಅಂಗಿ ತೆರೆದುಕೊಂಡಿದೆ. ಒಳಗೆ ತೂತುಬಿದ್ದ ಬನಿಯನ್ನು.

ಕೆಳಗಿಳಿದು ಬಂದು ಅಂಗಿಯನ್ನು ನನ್ನ ಮುಂದೆ ಹಿಡಿದರು. “ಇಡೀ ಆಫೀಸ್ ನಕ್ಕತಿ. ಇದೇನ ಹೊಲಿಗಿ?”

ನೋಡಿದೆ. ಗುಂಡಿಗಳು ಮೇಲಿನ ತೋರಿಕೆಗೆ ಮಾತ್ರ. ಕಾಜಾಗಳನ್ನೆಲ್ಲ ಹೊಲಿದು ಮುಚ್ಚಿ, ಒಳಗೆ ಸಾಲಾಗಿ ಟಿಚ್ ಬಟನ್ ಕೂರಿಸಿದ್ದಳು. ಎಳೆದರೆ ಸಾಕು.

ಅಂಗಿ ಹಿಡಿದು ಆಕೆಯ ಬಾಗಿಲಿಗೆ ಹೋದೆ. ವಿಷಯ ಕೇಳಿ ಆಕೆ ನಕ್ಕಳು, ನಕ್ಕು ನಕ್ಕು ಹೊಸ್ತಿಲ ಮೇಲೇ ಕುಸಿದು ಕೂತಳು. “ಕೈ, ಬ್ಯೂರ್‌ವ್ರೌ, ಕೈ! ಹನ್ನೊಂದು ವರ್ಷದ ಕೈ, ತನ್ನ ಪಾಡಿಗೆ ತಾನು ಹೊಲಿದುಬಿಟ್ಟಿದೆ!” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ನಿನಗೆ ನಿಜವಾಗಿಯೂ ಗೊತ್ತಿಲ್ಲವೇ? ಟೆಲಿವಿಷನ್ನಿನದು ಎಂದು ಹೇಳಿದ್ದೆನಲ್ಲ.”

ಆ ಹೊಸ್ತಿಲ ಮೇಲೆ ಕೂತೇ ಎಲ್ಲ ಹೇಳಿದಳು. ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಸಣ್ಣ ಕಂಪನಿ. ದೊಡ್ಡವರು ಮಾತ್ರ ಚಂದಾ ಕಟ್ಟಿ ನೋಡುವಂಥ ಚಿತ್ರಗಳನ್ನು ತೆಗೆಯುವವರು. ಒಂದು ಮನೆ, ಒಳಗೆ ಹತ್ತು ಹನ್ನೆರಡು ಗಂಡಸರು ಹೆಂಗಸರು, ಮೂಲೆಮೂಲೆಗೆ ಕ್ಯಾಮೆರಾ. ಜನರನ್ನು ಕೂಡಿಹಾಕಿ, ಜಗಳ ಹಚ್ಚಿ, ಅಳಿಸಿ, ವಾರಕ್ಕೊಬ್ಬರನ್ನು ಹೊರಹಾಕುವ ಕಾರ್ಯಕ್ರಮಗಳು ಎಲ್ಲ ಭಾಷೆಯ ಟೀವಿಯಲ್ಲೂ ಇವೆಯಲ್ಲ, ಅವುಗಳ ಅಣಕ. ಅಲ್ಲಿ ಜಗಳವಾಡಿದ ಜೋಡಿಯನ್ನು ಚಿಕಿತ್ಸಕಿಯ ಕೋಣೆಗೆ ಕಳಿಸುತ್ತಾರೆ. ಲಾಕ್‌ಡೌನಿಗೆ ಕಂಪನಿ ಮುಚ್ಚಿದಾಗ ಈಕೆಯ ಗ್ಯಾರೇಜಿಗೆ ಬಂದದ್ದು ಆ ಕೋಣೆಯ ಸಾಮಾನೇ. ಚಿಕಿತ್ಸಕಿಗೆ ಮೂರೇ ಮಾತು. ‘ಆಗ ನಿಮಗೆ ಏನನ್ನಿಸಿತು?’ ಅವರು ಏನೋ ಒದರುತ್ತಾರೆ. ‘ಇನ್ನೊಮ್ಮೆ ಹೇಳುತ್ತೀರಾ?’ ಅಷ್ಟರಲ್ಲಿ ಅಂಗಿಗಳು ಟಕಟಕ ಎನ್ನುತ್ತವೆ. ಮುಂದಿನದು ಕ್ಯಾಮೆರಾದ ಪಾಡು. ಚಿಕಿತ್ಸಕಿ ಕನ್ನಡಕ ಏರಿಸಿಕೊಂಡು ನೋಟ್‌ಬುಕ್ಕಿನಲ್ಲಿ ಗಂಭೀರವಾಗಿ ಬರೆಯುತ್ತಾ ಕೂತು, ಕೊನೆಗೆ ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಿ, ‘ಇವತ್ತಿಗೆ ಸಾಕು’ ಎನ್ನುತ್ತಾಳೆ. ನೋಡುವವರು ನಗುವುದು ಅದಕ್ಕೇ.

“ನಾನು ಸೇರಿದ್ದು ದರ್ಜಿಯಾಗಿ. ಅಂಥ ಕಡೆ ದರ್ಜಿಗೇನು ಕೆಲಸ ಎಂದು ನೀನೂ ಕೇಳುತ್ತೀ. ಬಿಚ್ಚಬೇಕಾದ ಬಟ್ಟೆಗೆ ತೊಡಬೇಕಾದ ಬಟ್ಟೆಗಿಂತ ಎರಡು ಪಟ್ಟು ಹೊಲಿಗೆ, ತಿಳಿದುಕೋ. ಒಂದು ದಿನ ಚಿಕಿತ್ಸಕಿಯ ಪಾತ್ರದವಳು ಬರಲಿಲ್ಲ. ನನ್ನ ಮೂಗಿಗೆ ಕನ್ನಡಕ ಹಾಕಿ ಕೂರಿಸಿದರು. ಆ ಮನೆಯಲ್ಲಿ ಸ್ವೆಟರಿನ ಗುಂಡಿ ಕೂಡ ಬಿಚ್ಚದವಳು ನಾನೊಬ್ಬಳೇ.”

ನಾನು ಅಂಗಿಯ ಒಂದು ಟಿಚ್ ಬಟನ್ನನ್ನು ಒತ್ತಿ ಮತ್ತೆ ಬಿಡಿಸಿದೆ.

“ವಿಚಿತ್ರ ಕೇಳು,” ಎಂದಳು. “ದೀಪ ಸರಿಪಡಿಸಲು ಹತ್ತು ನಿಮಿಷ ಬಿಡುವು ಕೊಟ್ಟಾಗ, ಆ ಹುಡುಗ ಹುಡುಗಿಯರು ಮೈಗೆ ಟವೆಲ್ ಸುತ್ತಿಕೊಂಡು ಅದೇ ಸೋಫಾ ಮೇಲೆ ಕೂತು ನಿಜವಾದದ್ದನ್ನು ಹೇಳತೊಡಗುತ್ತಿದ್ದರು. ತಾಯಿಯ ವಿಷಯ, ಸಾಲದ ವಿಷಯ, ಬಿಟ್ಟುಹೋದವರ ವಿಷಯ. ಎಲ್ಲ ಸುಳ್ಳು ಸಾಮಾನು ಎಂದು ಅವರಿಗೆ ಗೊತ್ತು. ಆದರೂ ಹೇಳುತ್ತಿದ್ದರು. ನನಗೆ ಬೇರೆ ಮಾತು ಬರುವುದಿಲ್ಲ. ಆ ಮೂರನ್ನೇ ಹೇಳುತ್ತಿದ್ದೆ. ನಿನ್ನ ಗಂಡನಿಗೂ ಅಷ್ಟೇ ಹೇಳಿದ್ದು.”

ಮನೆಗೆ ಬಂದು ಇವರಿಗೆ ಹೇಳಿದೆ. ಮುಚ್ಚಿಟ್ಟುಕೊಂಡು ನನಗೆ ರೂಢಿಯಿಲ್ಲ. ಇವರ ಮುಖ ಬಿಳಿಚಿತು.

“ಅಂದ್ರ... ನಮ್ಮ ಅಕ್ಕನ ಸುದ್ದಿ ಎಲ್ಲಾ ನಾ ಬ್ಲೂ ಫಿಲ್ಮಿನ ಸೋಫಾದ ಮ್ಯಾಲೆ ಕುಂತು ಹೇಳೇನಿ?”

“ಸೋಫಾದ ಕವರ್ ಒಗದಾಳಂತ್ರಿ,” ಎಂದೆ.

“ಡಾಕ್ಟ್ರು ಅಂತ ಹೇಳಿ ಕಳಿಸಿದವಳು ನೀ.”

“ಹೌದ್ರೀ. ಅಕಿ ಮೂರ ಸಲ ಅಲ್ಲ ಅಂದಿದ್ಲು. ತಪ್ಪು ನಂದ ಐತಿ.”

ಬೇರೆ ಊರಿನಲ್ಲಿ ಓದುತ್ತಿದ್ದ ನಮ್ಮ ಮಗಳಿಗೆ ಫೋನ್ ಮಾಡಿದೆ. ಅವಳು ಮೊದಲು ನಕ್ಕಳು, ಆಮೇಲೆ, “ಅಮ್ಮಾ, it’s a parody, ಅದರಲ್ಲೇನು? ಪಪ್ಪಾ ಮಾತಾಡೋಕೆ ಶುರು ಮಾಡಿದ್ರು, ತೊಹ್?” ಎಂದಳು. ತೊಹ್ ಎಂದರೆ ‘ಅಲ್ಲವೇ’ ಎಂದು. ಇವರಿಗೆ ಹೇಳಿದರೆ ಕೇಳಿಸಿಕೊಳ್ಳದವರಂತೆ ಎದ್ದುಹೋದರು. ಅಂಗಿ ಕಪಾಟಿನ ತಳಕ್ಕೆ ಹೋಯಿತು. ಗುರುವಾರಗಳು ನಿಂತವು. ನನ್ನ ಪುಸ್ತಕದಲ್ಲಿ ಮತ್ತೆ ಅದೇ ಸಾಲು. ಮೊದಲು ನಾನು.

ಹದಿನೈದು ದಿನ ಬಿಟ್ಟು ಆಕೆ ಬೇಲಿಯ ಮೇಲಿಂದ ಒಂದು ನೋಟ್‌ಬುಕ್ಕು ಚಾಚಿದಳು. “ಅವನಿಗೆ ಕೊಡು. ನಾನು ಎದುರಿಗೆ ಕೂತು ಏನೋ ಬರೆದುಕೊಳ್ಳುತ್ತಿದ್ದೆನಲ್ಲ, ಏನು ಬರೆದೆ ಎಂದು ಅವನು ತಿಳಿದುಕೊಳ್ಳಬೇಕು.” ಮೊದಲು ನಾನೇ ತೆರೆದೆ. ಹಳೆಯ ಪುಟಗಳಲ್ಲೆಲ್ಲ ಅಂಗಡಿಯ ಚೀಟಿಗಳು: ಮೊಟ್ಟೆ, ಬಿಳಿ ದಾರ, ಬೆಕ್ಕಿನ ಊಟ. ಮುಂದೆ ಗುರುವಾರದ ಪುಟಗಳು. ಪ್ರತಿಯೊಂದರ ತಲೆಯ ಮೇಲೂ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ, ‘ಅಕ್ಕ’. ಕೆಳಗೆ ಏನೂ ಇಲ್ಲ. ಖಾಲಿ.

“ಅದು ಹೆಸರೋ ಸಂಬಂಧವೋ ನನಗೆ ಗೊತ್ತಾಗಲಿಲ್ಲ,” ಎಂದಳು ಆಕೆ. “ಕೇಳಲಿಲ್ಲ. ಆ ಪದ ಹೇಳುವಾಗ ಅವನ ದನಿ ಬೇರೆಯಾಗುತ್ತಿತ್ತು. ಅದಕ್ಕೇ ಬರೆದುಕೊಂಡೆ.”

ಇವರು ಪುಟಗಳನ್ನು ನಿಧಾನವಾಗಿ ತಿರುವಿದರು. ನೋಟ್‌ಬುಕ್ಕನ್ನು ಡ್ರಾಯರಿನಲ್ಲಿಟ್ಟರು. ವಾಪಸು ಕೊಡಲಿಲ್ಲ.

ಏಪ್ರಿಲ್ ಹೊತ್ತಿಗೆ ಆಕೆ ಬಹಳ ತೆಳ್ಳಗಾಗಿದ್ದಳು. ಹೊಟ್ಟೆಯೊಳಗೆ ಗಡ್ಡೆ. ತೋರಿಸಿಕೊಳ್ಳುವುದೇ ತಡವಾಗಿತ್ತು, ಆ ವರ್ಷ ಎಲ್ಲರದೂ ತಡವೇ. ಟಿಲ್‌ಬರ್ಗಿನಿಂದ ಆಕೆಯ ಅಕ್ಕ ಬಂದು ಕರೆದೊಯ್ಯುವುದೆಂದಾಯಿತು. ಆ ಅಕ್ಕ ಊರವರ ಮುಂದೆಲ್ಲ ‘ನನ್ನ ತಂಗಿ ಕಿಟಕಿ ಪರದೆ ಹೊಲಿಯುತ್ತಾಳೆ’ ಎಂದು ಹೇಳುತ್ತಿದ್ದಳಂತೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಈ ಮನೆಗೆ ಬಂದವಳಲ್ಲ. “ಈಗ ಬರುತ್ತಿದ್ದಾಳೆ, ನೋಡು,” ಎಂದಳು. “ಸೋಫಾ ಮಾತ್ರ ಅಲ್ಲಿ ಹಿಡಿಸುವುದಿಲ್ಲ. ಯಾರಾದರೂ ಹೊರಗಿಡಬೇಕು.”

ನಾನು ಮನೆಯಲ್ಲಿ ಹೇಳಿದೆನಷ್ಟೇ, ಹೋಗಿ ಎಂದು ಕೇಳಲಿಲ್ಲ. ಇವರು ಶೂ ಹಾಕಿಕೊಂಡರು.

ನಾನು ಕಾಫಿಯ ತಟ್ಟೆ ಹಿಡಿದು ಹಿಂದಿನಿಂದ ಹೋದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು, ಕಿಟಕಿಯ ಬಿಸಿಲು ಉರಿಯುತ್ತಿತ್ತು. ಸೋಫಾವನ್ನು ಇನ್ನೂ ಎತ್ತಿರಲಿಲ್ಲ. ಅದರ ಮೇಲೆ ಆಕೆ ಕೂತಿದ್ದಳು. ಎತ್ತರ ಬೆನ್ನಿನ ಕುರ್ಚಿಯಲ್ಲಿ ಇವರು. ಆಕೆ ಅಳುತ್ತಿದ್ದಳು, ಬಾಯಲ್ಲಿ ಗುಂಡುಸೂಜಿಗಳಿರಲಿಲ್ಲ. ಏನು ಹೇಳುತ್ತಿದ್ದಳೋ ನನಗೆ ಕೇಳಿಸಲಿಲ್ಲ, ಅದು ಅವಳ ಅಂಗಿ. ಇವರ ದನಿ ಮಾತ್ರ ಕೇಳಿಸಿತು, ತಮ್ಮ ಕಲಿಕೆಯ ಡಚ್ಚಿನಲ್ಲಿ: “ಇನ್ನೊಮ್ಮೆ ಹೇಳುತ್ತೀರಾ?” ನಾನು ತಟ್ಟೆಯನ್ನು ಗೋಡೆಯ ಮೇಲಿಟ್ಟು ಹೊರಗೇ ನಿಂತೆ. ಕಾಫಿ ಆರಿತು. ಕೊನೆಗೆ ಇವರು ಡಬ್ಬಿಯನ್ನು ಮುಂದೆ ತಳ್ಳಿದ ಸದ್ದು, ಆಮೇಲೆ “ಇವತ್ತಿಗೆ ಸಾಕು.” ಆಕೆ ಅಳುತ್ತಲೇ ನಕ್ಕಳು.

ಹೋಗುವಾಗ ಕಾರಿನ ಕಿಟಕಿಯಿಂದ ಟೇಪಿನ ತುದಿಯನ್ನು ನನ್ನ ಕಡೆ ಎಸೆದಳು. ಹಿಡಿದುಕೊಂಡೆ. ಕಾರು ಚಲಿಸುತ್ತಲೂ ತನ್ನ ತುದಿಯನ್ನು ಬಿಟ್ಟಳು. ಟೇಪು ನನ್ನ ಬಳಿಯೇ ಇದೆ.

ಇವತ್ತಿನ ಲ್ಯಾಪ್‌ಟಾಪಿನ ಚಿತ್ರ ಅಡ್ಡ ಬರಲಿಲ್ಲ. ಸಭಾಗೃಹದ ಮೂಲೆಯಲ್ಲಿ ಮೇಲೆಲ್ಲೋ ಕೂರಿಸಿದ ಕ್ಯಾಮೆರಾ, ಕದಲದ ಚಿತ್ರ. ಮನೆಯೊಂದರಲ್ಲಿ ಜನರನ್ನು ಕೂಡಿಹಾಕಿ ಮೇಲಿಂದ ನೋಡುವ ಹಾಗೆ. ದೂರ ದೂರ ಹಾಕಿದ ಕುರ್ಚಿಗಳು, ಮುಂದೆ ತಿಳಿಮರದ ಪೆಟ್ಟಿಗೆ. ಎರಡನೇ ಸಾಲಿನಲ್ಲಿ ಎಂಟೊಂಬತ್ತು ಮಂದಿ, ಗಂಡಸರು ಹೆಂಗಸರು, ಎತ್ತರದ ಕಟ್ಟುಮಸ್ತಾದ ಆಳುಗಳು, ಎಲ್ಲರೂ ಕಪ್ಪು ಕೋಟು ತೊಟ್ಟು ಕೊರಳಿನವರೆಗೆ ಗುಂಡಿ ಹಾಕಿಕೊಂಡಿದ್ದರು.

“ಅವರೇನ?” ಎಂದರು ಇವರು.

“ಅವರ ಇರಬೇಕ್ರೀ.”

“ಎಲ್ಲಾರೂ ಎಷ್ಟ ಚಂದ ಬಟ್ಟಿ ಹಾಕ್ಕೊಂಡ ಬಂದಾರ,” ಎಂದರು. ಅದರಲ್ಲಿ ಕುಹಕವಿರಲಿಲ್ಲ.

ಆಕೆಯ ಅಕ್ಕ ಎದ್ದು ಮೈಕಿನ ಮುಂದೆ ನಿಂತಳು. “ನನ್ನ ತಂಗಿ ಕಿಟಕಿ ಪರದೆ ಹೊಲಿಯುತ್ತಿದ್ದಳು ಎಂದು ಹನ್ನೊಂದು ವರ್ಷ ಎಲ್ಲರಿಗೂ ಹೇಳಿದೆ,” ಎಂದಳು. “ಅವಳು ಹೊಲಿಯುತ್ತಿದ್ದದ್ದು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಅಂಗಿಗಳನ್ನು.” ಎರಡನೇ ಸಾಲು ಗೊಳ್ಳೆಂದು ನಕ್ಕಿತು, ನಗುತ್ತಾ ಮೂಗು ಒರೆಸಿಕೊಂಡಿತು. ಕತ್ತಿನವರೆಗೆ ಹಚ್ಚೆಯಿದ್ದ ದೈತ್ಯನೊಬ್ಬ ಕೋಟಿನೊಳಗಿಂದ ಟಿಶ್ಯೂ ಡಬ್ಬಿ ತೆಗೆದ. ಪಕ್ಕದವಳಿಗೆ ಕೊಡಬೇಕು, ಒಂದೂವರೆ ಮೀಟರು, ಕೈ ಎಟಕುವುದಿಲ್ಲ. ನೆಲದ ಮೇಲಿಟ್ಟು ಶೂವಿನ ತುದಿಯಿಂದ ತಳ್ಳಿದ. ಅವಳು ಒಂದು ಎಳೆದುಕೊಂಡು ಮುಂದಿನವನಿಗೆ ತಳ್ಳಿದಳು. ಹಾಗೆ ಆ ಡಬ್ಬಿ ಕುರ್ಚಿಯಿಂದ ಕುರ್ಚಿಗೆ, ನೆಲದ ಮೇಲೆ ಜಾರುತ್ತಾ, ಇಡೀ ಸಾಲು ದಾಟಿ ಕೊನೆಯ ಕುರ್ಚಿಯವರೆಗೆ ಹೋಯಿತು. ಚಿತ್ರದ ಅಂಚು ಅಲ್ಲಿಗೆ ಮುಗಿದಿತ್ತು. ಅದರಾಚೆ ಇನ್ನೊಬ್ಬರಿದ್ದರೆ ಅದು ನಮ್ಮ ಊಟದ ಮೇಜೇ ಆಗಬೇಕಿತ್ತು.

ಚಿತ್ರ ಆರಿದ ಮೇಲೂ ಇವರು ಏಳಲಿಲ್ಲ.

“ಅಕ್ಕಗ ದವಾಖಾನಿಗೆ ಹೋಗಬ್ಯಾಡ ಅಂದವ ನಾನ,” ಎಂದರು.

ನಾನು ಕುರ್ಚಿಯನ್ನು ಇವರ ಕಡೆ ತಿರುಗಿಸಿ ಕೂತೆ.

“ಫೋನ್ ಮಾಡಿ ಕೇಳಿದ್ಲು. ‘ನೀ ಶಾಣ್ಯಾ, ದೇಶ ನೋಡಿದವ, ಏನ ಮಾಡ್ಲಿ ಹೇಳಪಾ’ ಅಂತ. ದವಾಖಾನ್ಯಾಗ ಹೋದ್ರ ಅಲ್ಲೇ ರೋಗ ಹತ್ತತೈತಿ, ಮನ್ಯಾಗ ಇರು, ಬಿಸಿನೀರ ಕುಡಿ ಅಂದೆ. ಎರಡ ದಿನ ಅಕಿ ನನ್ನ ಮಾತ ಕೇಳಿದ್ಲು. ಎರಡ ದಿನ.”

ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು, ಯಾರಿಗೆ ಏನು ಗೊತ್ತಿತ್ತು ಆಗ, ನಿಮ್ಮ ತಪ್ಪಲ್ಲ ಎಂದು. ನುಂಗಿಕೊಂಡೆ.

“ಇನ್ನೊಮ್ಮೆ ಹೇಳ್ರೀ,” ಎಂದೆ.

ಇವರು ನನ್ನ ಮುಖ ನೋಡಿದರು. ಆಮೇಲೆ ಮೊದಲಿನಿಂದ ಹೇಳಿದರು, ಅಕ್ಕನ ಫೋನು ಬಂದ ಹೊತ್ತು, ಆಗ ತಾವು ಏನು ತಿನ್ನುತ್ತಿದ್ದರು ಎಂಬುದರಿಂದ ಹಿಡಿದು. ಒಲೆಯ ಮೇಲಿನ ಕಾಳು ಕುದಿದು ಮೆತ್ತಗಾಯಿತು. ಎಷ್ಟು ಹೊತ್ತೆಂದು ನಾನು ಗಡಿಯಾರ ನೋಡಲಿಲ್ಲ. ಮುಗಿದಾಗ ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಿದೆ. ಆಕೆ ಕೊಟ್ಟದ್ದೇ, ಕೊನೆಯದು. ಇನ್ನೂ ಅರ್ಧ ಇದೆ.

ಸಂಜೆಗೆ ಜೋಳದ ರೊಟ್ಟಿ, ಮೆತ್ತಗಾದ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಇವರು ಮೂರು ರೊಟ್ಟಿ ಉಂಡರು, ಉಪ್ಪು ಸರಿಯಾಗಿದೆ ಎಂದರು. ಪಾತ್ರೆ ತೊಳೆದು ಬರುವಷ್ಟರಲ್ಲಿ ಮಂಚದ ಮೇಲೆ ಹಾಗೇ ಒರಗಿದ್ದರು. ಜೂನ್ ತಿಂಗಳು, ಇಲ್ಲಿ ಹತ್ತರವರೆಗೆ ಹೊತ್ತು ಮುಳುಗುವುದಿಲ್ಲ, ಒಂಬತ್ತೂವರೆಯಾದರೂ ಕಿಟಕಿಯಲ್ಲಿ ಸಂಜೆ ನಾಲ್ಕರಂಥ ಬಿಸಿಲು. ಎಷ್ಟೋ ದಿನದ ಮೇಲೆ ಒಂದು ವಿಮಾನ ಬಹಳ ಕೆಳಗೆ ಹಾದುಹೋಯಿತು, ಇವರು ಮಿಸುಕಲಿಲ್ಲ. ಅಂಗಿಯಲ್ಲೇ ಮಲಗಿದ್ದಾರೆ. ಒಂದು ಎಳೆತದ ಕೆಲಸ, ಆದರೆ ಟಿಚ್ ಬಟನ್ನುಗಳು ಸದ್ದು ಮಾಡುತ್ತವೆಂದು ಕೈ ಹಚ್ಚಲಿಲ್ಲ. ಮೊದಲು ಮಲಗಿದವರು ಇವರು.